ಅಯ್ಯೋ ಅಂದರೆ ಹತ್ತು ರೂಪಾಯಿ

ಮೇಜಿನ ಮೂಲೆಯಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ. ಮುಚ್ಚಳದಲ್ಲಿ ಬ್ಲೇಡಿನಿಂದ ಕೊಯ್ದ ಸೀಳು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ನೀಲಿ ಇಂಕಿನಲ್ಲಿ ಬರೆದಿತ್ತು: ‘ಅಯ್ಯೋ: 10 ರೂ. ಛೇ: 10 ರೂ. ದೇವರೇ: 20 ರೂ.’ ನಾನು ಅಲ್ಲಿದ್ದ ಒಂದು ತಿಂಗಳಲ್ಲಿ ಆ ಬಾಟಲಿಗೆ ಹಾಕಿದ ದುಡ್ಡಿನಲ್ಲಿ ಇಡೀ ಬ್ಯಾಚು ಎರಡು ಸಲ ಮಸಾಲೆ ದೋಸೆ ತಿಂದಿದೆ. ಅದರ ಕಥೆ ಆಮೇಲೆ.

ನಾನು ಹಾವೇರಿ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಕಣ್ಣಿನ ಡಾಕ್ಟರ್. ಹನ್ನೊಂದು ವರ್ಷದಿಂದ ಪೊರೆ ತೆಗೆಯುವ ಕೆಲಸ. ಕ್ಯಾಂಪು, ಆಸ್ಪತ್ರೆ ಸೇರಿ ನಾಲ್ಕು ಸಾವಿರ ಕಣ್ಣು ದಾಟಿರಬೇಕು. ಎಲ್ಲವೂ ಎಸ್‌ಐಸಿಎಸ್. ಅಂದರೆ ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರ್ ಕೊಯ್ದು, ಒಳಗೆ ಸುರಂಗದ ಹಾಗೆ ದಾರಿ ಮಾಡಿ, ಪೊರೆ ಬಂದ ಲೆನ್ಸಿನ ಗಟ್ಟಿ ತಿರುಳನ್ನು ಇಡಿಯಾಗಿ ಈಚೆ ತೆಗೆಯುವುದು. ದೊಡ್ಡ ಮಿಷನ್ ಬೇಡ, ಖರ್ಚು ಕಡಿಮೆ, ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಪೊರೆ ಕಂದು ತಿರುಗಿ ಕಲ್ಲಾಗುವ ತನಕ ಕಾದು, ಆಮೇಲೆ ಮೊಮ್ಮಗನ ಬೈಕ್ ಹತ್ತಿ ಬರುವ ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ಈಗಲೂ ನಂಬಿದ್ದೇನೆ.

ಆದರೆ ಬರುವವರು ಕೇಳುವುದೇ ಬೇರೆಯಾಯಿತು. “ಡಾಕ್ಟ್ರ, ನಿಮ್ಮಲ್ಲಿ ಲೇಸರ್ ಮಾಡಂಗಿಲ್ಲೇನ್ರಿ?” ಅದು ಲೇಸರ್ ಅಲ್ಲ, ಫೇಕೋ. ಎರಡೂವರೆ, ಮೂರು ಮಿಲಿಮೀಟರಿನ ಸಣ್ಣ ಗಾಯದಿಂದ ಒಂದು ಸೂಜಿಯಂಥ ಕೊಳವೆ ಒಳಗೆ ಹೋಗುತ್ತದೆ. ಅದರ ತುದಿ ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತದೆ. ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿಕೊಳ್ಳುತ್ತದೆ. ಇಷ್ಟು ವಿವರಿಸಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು “ಹಂಗಂದ್ರ ಲೇಸರ್ರ ಅಲ್ಲೇನ್ರಿ” ಅನ್ನುತ್ತಿದ್ದರು. ನಾನು ಹುಬ್ಬಳ್ಳಿಗೋ ದಾವಣಗೆರೆಗೋ ಚೀಟಿ ಬರೆದು ಕೊಡುತ್ತಿದ್ದೆ. ಒಂದು ಸಲ ನಮ್ಮ ಓಣಿಯ ನಿವೃತ್ತ ಮಾಸ್ತರರು, ಬಲಗಣ್ಣು ನನ್ನಲ್ಲೇ ಮಾಡಿಸಿಕೊಂಡವರು, ಎಡಗಣ್ಣು ದಾವಣಗೆರೆಯಲ್ಲಿ ಮಾಡಿಸಿಕೊಂಡು ಬಂದು ನನ್ನನ್ನು ಕಂಡು ಕಪ್ಪು ಕನ್ನಡಕ ಸರಿ ಮಾಡಿಕೊಂಡು ಬೇರೆ ಕಡೆ ನೋಡಿದರು. ಅವತ್ತು ರಾತ್ರಿ ಹೆಂಡತಿಗೆ ಹೇಳಿದೆ, ನಾನು ಫೇಕೋ ಕಲಿಯಲೇಬೇಕು.

ನಲವತ್ತೊಂದನೇ ವಯಸ್ಸಿಗೆ ಹೀಗೆ ಬೆಂಗಳೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಒಂದು ತಿಂಗಳ ಮಟ್ಟಿಗೆ ವಿದ್ಯಾರ್ಥಿಯಾದೆ. ಬ್ಯಾಚಿನಲ್ಲಿ ನಾಲ್ವರು. ಮೂವರು ಆಗಷ್ಟೇ ಪಿಜಿ ಮುಗಿಸಿದ ಹುಡುಗ ಹುಡುಗಿಯರು. ಕಲಿಸುವ ಮೇಡಂ ನನಗಿಂತ ಆರೇಳು ವರ್ಷ ಚಿಕ್ಕವರು. “ಸರ್, ನಿಮ್ಮ ಅನುಭವ ದೊಡ್ಡದು. ಅದೇ ನಿಮಗೆ ಕಷ್ಟ ಕೊಡುತ್ತೆ” ಅಂತ ಮೊದಲ ದಿನವೇ ಹೇಳಿದರು. ಮರ್ಯಾದೆಗೆ ನಕ್ಕೆ. ಒಳಗೆ ಕೋಪ ಬಂದಿತ್ತು.

ಮೊದಲ ವಾರ ಮನುಷ್ಯರ ಕಣ್ಣಿನ ಹತ್ತಿರವೂ ಬಿಡುವುದಿಲ್ಲ ಅಂದರು. ಸಿಮ್ಯುಲೇಟರ್ ಮಾತ್ರ.

ಸಿಮ್ಯುಲೇಟರ್ ಅಂದರೆ, ಒಂದು ಮೇಜು, ಅದರ ಮೇಲೆ ಮಲಗಿದ ಪ್ಲಾಸ್ಟಿಕ್ ಮುಖ. ಕಣ್ಣಿನ ಗುಳಿಯಲ್ಲಿ ಒಂದು ಗುಂಡು. ಅದಕ್ಕೆ ಸಣ್ಣ ತೂತುಗಳಿವೆ. ಆ ತೂತಿನಲ್ಲಿ ಕಡ್ಡಿಯಂಥ ಉಪಕರಣ ತೂರಿಸಬೇಕು. ಅದರ ತುದಿ ಎಲ್ಲಿದೆ ಅಂತ ಒಳಗಿನ ಕ್ಯಾಮೆರಾಗಳು ಲೆಕ್ಕ ಹಾಕುತ್ತವೆ. ಮೇಲೆ ಮೈಕ್ರೋಸ್ಕೋಪಿನ ಹಾಗೆ ಎರಡು ಕಿಂಡಿ. ಇಣುಕಿದರೆ ನಿಜವಾದ ಕಣ್ಣೇ ಕಾಣುತ್ತದೆ. ಕೆಂಪು ಹೊಳಪು, ಪಾಪೆಯ ಸುತ್ತ ಕಂದು ಬಳೆ, ನಡುವೆ ಮಂಜಾದ ಲೆನ್ಸು. ಕೆಳಗೆ ಎರಡು ಪೆಡಲ್. ಎಡಗಾಲಿನದು ಮೈಕ್ರೋಸ್ಕೋಪಿಗೆ, ಬಲಗಾಲಿನದು ಫೇಕೋ ಮಿಷನ್ನಿಗೆ. ಎರಡು ಕೈ, ಎರಡು ಕಾಲು, ಎರಡು ಕಣ್ಣು, ಎಲ್ಲಕ್ಕೂ ಬೇರೆ ಬೇರೆ ಕೆಲಸ. ಎಸ್‌ಐಸಿಎಸ್‌ನಲ್ಲಿ ನನ್ನ ಬಲಗಾಲಿಗೆ ಹನ್ನೊಂದು ವರ್ಷ ಸಂಬಳವಿಲ್ಲದ ರಜೆ ಇತ್ತು.

ಮೊದಲ ಪಾಠ ಆಪರೇಷನ್ನೇ ಅಲ್ಲ, ಆಟ. ಲೆನ್ಸಿನ ಮೇಲೆ ಚೆಲ್ಲಿದ ಸಣ್ಣ ಸಣ್ಣ ತುಣುಕುಗಳನ್ನು ಚಿಮಟದಲ್ಲಿ ಹಿಡಿದು ನಡುವಿನ ಬುಟ್ಟಿಗೆ ಹಾಕಬೇಕು. ಮೇಲೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ತಾಗಬಾರದು, ಕೆಳಗೆ ಲೆನ್ಸಿಗೆ ಚುಚ್ಚಬಾರದು. ಇಷ್ಟೇನಾ ಅಂದುಕೊಂಡು ಚಕಚಕ ಮುಗಿಸಿದೆ. ಪಕ್ಕದ ಪರದೆಯಲ್ಲಿ ಅಂಕ ಬಂತು. ನೂರಕ್ಕೆ ಸೊನ್ನೆ.

ಮಿಷನ್ ಕೆಟ್ಟಿದೆ ಅಂದುಕೊಂಡೆ. ಇನ್ನೊಮ್ಮೆ ಮಾಡಿದೆ. ಮತ್ತೆ ಸೊನ್ನೆ. ಕೆಳಗೆ ಪಟ್ಟಿಯೇ ಇತ್ತು: ಕಾರ್ನಿಯಾಕ್ಕೆ ಎಷ್ಟು ಸಲ ತಾಗಿದೆ, ಚಿಮಟ ತೆರೆದುಕೊಂಡೇ ಎಷ್ಟು ಸಲ ಒಳಗೆ ಬಂದಿದೆ, ಫೋಕಸ್ ಇಲ್ಲದೆ ಎಷ್ಟು ಹೊತ್ತು ಕೆಲಸ ನಡೆದಿದೆ. ನನ್ನ ಪಕ್ಕದ ಹುಡುಗಿಗೆ 74 ಬಂದಿತ್ತು. ಆಕೆಯ ವಯಸ್ಸಿಗೆ ಮೊಬೈಲ್ ಗೇಮ್ ಆಡಿ ಅಭ್ಯಾಸ, ಅದಕ್ಕೇ ಬರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಸಮಾಧಾನ. ಸಂಜೆಯ ಹೊತ್ತಿಗೆ ಕಾರಣ ಗೊತ್ತಾಯಿತು. ನನ್ನ ಗಾಯ ಯಾವಾಗಲೂ ದೊಡ್ಡದು. ಕೈ ಅತ್ತಿತ್ತ ಸರಿದರೂ ನಡೆಯುತ್ತಿತ್ತು. ಇಲ್ಲಿ ಗಾಯವೇ ಬಾಗಿಲಿನ ಕೀಲು. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಕೀಲನ್ನು ಎತ್ತಬಾರದು, ಒತ್ತಬಾರದು. ನಾನು ಪ್ರತಿ ಸಲ ಎತ್ತುತ್ತಿದ್ದೆ. ಎತ್ತಿದ ಕೂಡಲೇ ಕಾರ್ನಿಯಾ ಸುಕ್ಕಾಗಿ ಏನೂ ಕಾಣುತ್ತಿರಲಿಲ್ಲ. ನಾಲ್ಕು ಸಾವಿರ ಕಣ್ಣಿನಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಎರಡನೇ ದಿನ ರೆಕ್ಸಿಸ್. ಪೊರೆಯ ಆಪರೇಷನ್ನಿನ ಜೀವ ಇರುವುದೇ ಅಲ್ಲಿ. ಲೆನ್ಸಿನ ಸುತ್ತ ಒಂದು ಪಾರದರ್ಶಕ ಚೀಲವಿದೆ, ಕ್ಯಾಪ್ಸೂಲ್. ಈರುಳ್ಳಿಯ ಎಸಳುಗಳ ನಡುವೆ ತೆಳ್ಳನೆ ಪೊರೆ ಬರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಇದು ಅದಕ್ಕಿಂತಲೂ ತೆಳು. ಹಿಂಭಾಗದಲ್ಲಂತೂ ನಡುವೆ ಬರೀ 4 ಮೈಕ್ರಾನ್ ಆಸುಪಾಸು. ಮುಂಭಾಗದಲ್ಲಿ ಐದು, ಐದೂವರೆ ಮಿಲಿಮೀಟರ್ ಅಗಲದ ಗುಂಡನೆಯ ಕಿಂಡಿಯನ್ನು ಹರಿದೇ ಮಾಡಬೇಕು. ಅದೇ ರೆಕ್ಸಿಸ್. ಕತ್ತರಿಸುವ ಹಾಗಿಲ್ಲ. ಹರಿದ ಅಂಚು ನುಣ್ಣಗೆ ಗುಂಡಗಿದ್ದರೆ ಎಳೆದರೂ ತಡೆಯುತ್ತದೆ. ಒಂದು ಕಡೆ ಸೀಳು ಬಿಟ್ಟರೆ ಅದು ಓಡಿ ಓಡಿ ಹಿಂಭಾಗಕ್ಕೆ ಹೋಗುತ್ತದೆ. ಆಮೇಲೆ ಲೆನ್ಸಿನ ತುಂಡು ಕಣ್ಣಿನ ಹಿಂದಕ್ಕೆ ಬಿದ್ದರೆ ರೆಟಿನಾ ಡಾಕ್ಟರನ್ನು ಹುಡುಕಬೇಕು.

ನನ್ನ ರೆಕ್ಸಿಸ್ ಮುಕ್ಕಾಲು ಸುತ್ತು ಚೆನ್ನಾಗಿ ಬರುತ್ತಿತ್ತು. ಕೊನೆಯ ಕಾಲು ಸುತ್ತಿನಲ್ಲಿ ಹೊರಗೆ ಓಡುತ್ತಿತ್ತು. ಓಡಿದ ಕೂಡಲೇ ನನ್ನ ಬಾಯಿಂದ “ಅಯ್ಯೋ”.

“ಹತ್ತು ರೂಪಾಯಿ ಸರ್” ಅಂದರು ಮೇಡಂ.

ನಾನು ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ಬಾಟಲಿ ಮುಂದಿಟ್ಟರು. “ಪೊರೆಯ ಪೇಶೆಂಟ್ ಎಚ್ಚರ ಇರ್ತಾರೆ. ಕಣ್ಣಷ್ಟೇ ಮರಗಟ್ಟಿರುತ್ತೆ, ಕಿವಿ ಅಲ್ಲ. ನೀವು ಅಯ್ಯೋ ಅಂದರೆ ಅವರ ಬಿಪಿ ಏರುತ್ತೆ, ತಲೆ ಅಲ್ಲಾಡುತ್ತೆ. ಇಲ್ಲಿ ಅಂದು ಅಂದು ಅಭ್ಯಾಸ ಆದರೆ ಅಲ್ಲೂ ಬರುತ್ತೆ.” ಬಾಯಿಗೂ ಸಿಮ್ಯುಲೇಟರ್ ಬೇಕು ಅಂತ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವತ್ತೊಂದೇ ದಿನ ತೊಂಬತ್ತು ರೂಪಾಯಿ ಹೋಯಿತು. ನಡುವೆ ಒಂದು ‘ದೇವರೇ’ ಬಂದದ್ದರಿಂದ ನೂರಾ ಹತ್ತು.

ರಾತ್ರಿ ರೂಮಿಗೆ ಹೋಗುವಾಗ ಕಾಲು ಕೆಜಿ ಟೊಮೆಟೊ ತೆಗೆದುಕೊಂಡು ಹೋಗುತ್ತಿದ್ದೆ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಿಪ್ಪೆ ಸಡಿಲವಾಗುತ್ತದೆ. ಸೂಜಿಯ ತುದಿ ಬಗ್ಗಿಸಿ ಒಂದು ಚುಚ್ಚು, ಅಲ್ಲಿಂದ ಚಿಮಟದಲ್ಲಿ ಗುಂಡಗೆ ಹರಿಯುವುದು. ಚಾಕಲೇಟಿನ ಪ್ಲಾಸ್ಟಿಕ್ ಕಾಗದದ ಮೇಲೂ ಮಾಡಬಹುದು. ನಾಲ್ಕನೇ ರಾತ್ರಿ ಟೊಮೆಟೊ ಮುಂದೆ ಕೂತಿದ್ದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಹರಿಯುವ ಜಾಗದಿಂದ ಚಿಮಟ ದೂರವಾದರೆ ಹಿಡಿತ ತಪ್ಪುತ್ತದೆ. ಆದ್ದರಿಂದ ಸ್ವಲ್ಪ ಹರಿದು, ಬಿಟ್ಟು, ಹತ್ತಿರದಲ್ಲಿ ಮತ್ತೆ ಹಿಡಿಯಬೇಕು. ನನ್ನ ಪಕ್ಕದ ಹುಡುಗಿ ಒಂದು ಸುತ್ತಿಗೆ ಐದಾರು ಸಲ ಬಿಟ್ಟು ಹಿಡಿಯುತ್ತಿದ್ದಳು. ನಾನು ಎರಡೇ ಸಲ. ಚೆನ್ನಾಗಿ ಬರುತ್ತಿದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಎಳೆಯುತ್ತಲೇ ಇದ್ದೆ. ನನಗೆ ಬಿಡುವುದು ಬರುತ್ತಿರಲಿಲ್ಲ. ಹೆಂಡತಿಗೆ ಫೋನಿನಲ್ಲಿ ಹೇಳಿದೆ. “ಇದನ್ನ ಹೇಳಲಿಕ್ಕೆ ಟೊಮೆಟೊ ಬೇಕಾಗಿತ್ತೇನು?” ಅಂದಳು.

ಓಡಿದ ರೆಕ್ಸಿಸ್ಸನ್ನು ಹಿಂದಕ್ಕೆ ತರುವುದಕ್ಕೂ ಒಂದು ಪಟ್ಟು ಇದೆ. ಲಿಟಲ್ ಅನ್ನುವ ಸರ್ಜನ್ ಹೆಸರಿನಲ್ಲೇ ಕರೆಯುತ್ತಾರೆ. ಮೊದಲು ಎಳೆಯುವುದನ್ನು ನಿಲ್ಲಿಸಬೇಕು. ವಿಸ್ಕೋ ಅನ್ನುವ ಮಂದನೆಯ ಜೆಲ್ ತುಂಬಿ ಲೆನ್ಸನ್ನು ಕೆಳಗೆ ಒತ್ತಬೇಕು. ಮಡಚಿಕೊಂಡ ಚೂರನ್ನು ಬಿಡಿಸಿ ಚಪ್ಪಟೆ ಹಾಸಬೇಕು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು, ನಡುವಿನ ಕಡೆಗೆ ತಿರುಗಿಸಬೇಕು. ಬೇಕಂತಲೇ ರೆಕ್ಸಿಸ್ ಓಡಿಸಿ ಇದನ್ನು ಅಭ್ಯಾಸ ಮಾಡಿಸಿದರು, ನಲವತ್ತು ಸಲವಾದರೂ ಆಗಿರಬೇಕು. ಮನುಷ್ಯರ ಕಣ್ಣಿನಲ್ಲಿ ಬೇಕಂತಲೇ ಓಡಿಸುವವರು ಯಾರಿದ್ದಾರೆ? ಸಿಮ್ಯುಲೇಟರಿಗೆ ಕೊಟ್ಟ ದುಡ್ಡು ನನಗೆ ವಸೂಲಾದದ್ದು ಈ ನಲವತ್ತು ಸಲದಲ್ಲಿ.

ಕಾಲಿನ ಕಥೆ ಬೇರೆ. ಫೇಕೋ ಪೆಡಲ್‌ಗೆ ಮೂರು ಹಂತ. ಒಂದರಲ್ಲಿ ಬರೀ ನೀರು ಒಳಗೆ ಬರುತ್ತದೆ. ಎರಡರಲ್ಲಿ ನೀರಿನ ಜೊತೆ ಹೀರುವುದೂ ಶುರು. ಮೂರರಲ್ಲಿ ತುದಿಯ ನಡುಕವೂ ಸೇರುತ್ತದೆ. ಪೂರ್ತಿ ಕಾಲು ತೆಗೆದರೆ ಸೊನ್ನೆ, ನೀರೂ ನಿಂತು ಕಣ್ಣಿನ ಮುಂಭಾಗ ಕುಸಿಯುತ್ತದೆ. ಈಗ ನೋಡಿ, ಕಾರು ಓಡಿಸುವವನಿಗೆ ಭಯವಾದರೆ ಬಲಗಾಲು ಏನು ಮಾಡುತ್ತದೆ? ಒತ್ತುತ್ತದೆ, ಬ್ರೇಕ್ ಅಂತ. ಇಲ್ಲಿ ಒತ್ತಿದರೆ ಅದು ಬ್ರೇಕ್ ಅಲ್ಲ, ಆಕ್ಸಿಲರೇಟರ್. ಲೆನ್ಸಿನ ತುಂಡು ಸರಕ್ಕನೆ ಒಳಗೆ ಹೋಗಿ ಅದರ ಹಿಂದೆ ಕ್ಯಾಪ್ಸೂಲ್ ಎದ್ದು ಬಂತು ಅಂದರೆ ನನ್ನ ಕಾಲು ಇನ್ನೂ ಕೆಳಗೆ. ಪರದೆಯಲ್ಲಿ ಕ್ಯಾಪ್ಸೂಲ್ ಒಡೆಯಿತು ಅಂತ ಕೆಂಪಕ್ಷರ.

“ನಿಮ್ಮ ಕೈ ನೋಡಬೇಡಿ ಸರ್, ಕಾಲು ನೋಡಿ” ಅಂತ ಮೇಡಂ ಮೇಜಿನ ಕೆಳಗೆ ಮೊಬೈಲ್ ಹಿಡಿದು ನನ್ನ ಪಾದದ ವಿಡಿಯೋ ಮಾಡಿದರು. ತೋರಿಸಿದಾಗ ನಾಚಿಕೆಯಾಯಿತು. ಹೆಬ್ಬೆರಳು ಬಿಗಿಯಾಗಿ, ಬುಲೆಟ್ ಗಾಡಿ ಕಿಕ್ ಹೊಡೆಯುವವನ ಹಾಗೆ ಇತ್ತು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಮಾಡಿ ಅಂದರು. ಹಿಮ್ಮಡಿ ನೆಲಕ್ಕೆ ಊರಿ, ಮುಂಗಾಲು ಮಾತ್ರ ಆಡಬೇಕು. ಭಯವಾದರೆ ಒಂದಕ್ಕೆ ಬರಬೇಕು. ಸೊನ್ನೆಗೂ ಅಲ್ಲ, ಮೂರಕ್ಕೂ ಅಲ್ಲ, ಒಂದಕ್ಕೆ. ಬಸ್ಸಿನಲ್ಲಿ ಕೂತಾಗ, ಊಟಕ್ಕೆ ಕೂತಾಗ ಬಲಗಾಲಿನಲ್ಲಿ ಇದನ್ನೇ ಮಾಡುತ್ತಿದ್ದೆ. ಮೆಸ್ಸಿನಲ್ಲಿ ಎದುರು ಕೂತವರೊಬ್ಬರು ಕಾಲು ನೋವೇನ್ರೀ ಅಂತ ಕೇಳಿದರು.

ಈ ಫೇಕೋ ಹುಟ್ಟಿದ್ದೂ ಒಂದು ಕುರ್ಚಿಯಲ್ಲೇ ಅಂತೆ. ಪೊರೆಯನ್ನು ಸಣ್ಣ ಗಾಯದಿಂದ ತೆಗೆಯುವುದು ಹೇಗೆ ಅಂತ ತಲೆಕೆಡಿಸಿಕೊಂಡಿದ್ದ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಹಲ್ಲಿನ ಪಾಚಿ ತೆಗೆಯುವ ಅಲ್ಟ್ರಾಸೌಂಡ್ ಕಡ್ಡಿ ಬಾಯಲ್ಲಿ ಆಡುವಾಗ ಇದೇ ಸರಿ ಅನ್ನಿಸಿತು. 1967ರ ಹೊತ್ತಿಗೆ ಅದನ್ನು ಕಣ್ಣಿಗೆ ತಂದರು. ಸುಮಾರು ವರ್ಷ ಬೇರೆ ಡಾಕ್ಟರುಗಳು ಅವರನ್ನು ನಂಬಲೇ ಇಲ್ಲ. ಅವರಿಗೆ ಸಿಮ್ಯುಲೇಟರ್ ಎಲ್ಲಿತ್ತು, ಪ್ರಾಣಿಗಳ ಕಣ್ಣೇ ಗತಿ.

ನಮಗೂ ಎರಡನೇ ವಾರ ಅದೇ. ವೆಟ್ ಲ್ಯಾಬ್. ನಮ್ಮ ಕಡೆ ಆಡು ಅನ್ನುತ್ತೇವೆ, ಇಲ್ಲಿ ಮೇಕೆ. ಲ್ಯಾಬಿನ ಅಣ್ಣ ಬೆಳಿಗ್ಗೆ ಏಳಕ್ಕೆ ಮಟನ್ ಅಂಗಡಿಗೆ ಹೋಗಿ ಐಸ್ ಡಬ್ಬಿಯಲ್ಲಿ ಕಣ್ಣು ತರುತ್ತಿದ್ದರು. ತಡವಾದರೆ ಕಾರ್ನಿಯಾ ಮಂಕಾಗಿ ಕೆಲಸಕ್ಕೆ ಬರುವುದಿಲ್ಲ. ಭಾನುವಾರ ಬೇಕಾದಷ್ಟು ಸಿಗುತ್ತಿತ್ತು, ಸೋಮವಾರ ಕಷ್ಟ, ಶ್ರಾವಣದಲ್ಲಿ ಕೇಳಲೇಬೇಡಿ ಅಂತ ಅವರೇ ಹೇಳಿದ್ದು. ಬ್ಯಾಚಿನ ಒಬ್ಬ ಹುಡುಗ ಮಾಂಸದ ವಾಸನೆಯನ್ನೇ ಕಂಡವನಲ್ಲ. ಮೊದಲ ದಿನ ಮಾಸ್ಕಿನ ಒಳಗೆ ಅಮೃತಾಂಜನ ಹಚ್ಚಿಕೊಂಡು ಬಂದ. ವಾರ ಮುಗಿಯುವ ಹೊತ್ತಿಗೆ ಡಬ್ಬಿಯಲ್ಲಿ ಕೈಹಾಕಿ ಒಳ್ಳೆಯ ಕಣ್ಣು ಆರಿಸಿಕೊಳ್ಳುವುದರಲ್ಲಿ ಅವನೇ ಮುಂದು. “ಮನೇಲಿ ಮಾತ್ರ ಹೇಳಬೇಡಿ ಸರ್.”

ಮೇಕೆಯ ಪಾಪೆ ಅಡ್ಡಡ್ಡಕ್ಕೆ ಉದ್ದ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ನಮ್ಮನ್ನೇ ಅನುಮಾನದಿಂದ ನೋಡುವ ಹಾಗಿರುತ್ತದೆ. ಅದರ ಕ್ಯಾಪ್ಸೂಲ್ ಮನುಷ್ಯರದ್ದಕ್ಕಿಂತ ದಪ್ಪ, ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ರೆಕ್ಸಿಸ್ ಹೊರಗೆ ಓಡುವುದು ಇನ್ನೂ ಜಾಸ್ತಿ. ಲೆನ್ಸು ಮಾತ್ರ ಗಂಜಿ. ಫೇಕೋ ತುದಿ ಇಟ್ಟರೆ ಸಾಕು, ಕುಡಿದುಬಿಡುತ್ತದೆ. ಅದಕ್ಕೇ ಫಾರ್ಮಲಿನ್ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಮಾಡುತ್ತಿದ್ದರು. ಅಲ್ಲಿನ ಮಿಷನ್ನು, ಚಿಮಟ, ಬ್ಲೇಡು ಯಾವುದೂ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಬಾಗಿಲು ದಾಟುವ ಹಾಗಿಲ್ಲ. ಹಿಡಿಗೆ ಕೆಂಪು ಟೇಪು ಸುತ್ತಿದ್ದರು.

ಸಿಮ್ಯುಲೇಟರ್ ಕಲಿಸದ ಒಂದು ಪಾಠ ಮೇಕೆ ಕಲಿಸಿತು. ಮೂರನೇ ದಿನ ಚೆನ್ನಾಗಿ ನಡೆಯುತ್ತಿತ್ತು. ಕಾಲು ಮೂರರಲ್ಲಿ. ಇದ್ದಕ್ಕಿದ್ದ ಹಾಗೆ ಕಣ್ಣಿನೊಳಗೆ ಹಾಲು ಚೆಲ್ಲಿದ ಹಾಗಾಯಿತು. ಏನು ಅಂತ ನೋಡುವಷ್ಟರಲ್ಲಿ ಗಾಯದ ಅಂಚು ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಗಿ ಬಾಯಿ ತೆರೆದುಕೊಂಡಿತು. ನೀರಿನ ಪೈಪು ನನ್ನ ಮೊಣಕೈ ಕೆಳಗೆ ಮಡಚಿಕೊಂಡಿತ್ತು. ನಡುಗುವ ತುದಿ ಬಿಸಿಯಾಗುತ್ತದೆ, ಅದನ್ನು ತಣ್ಣಗಿಡುವುದು ಆ ನೀರೇ. ಅದು ನಿಂತರೆ ಕೆಲವೇ ಸೆಕೆಂಡು ಸಾಕು. ಆ ಸುಟ್ಟ ಗಾಯವನ್ನು ನಾನೇ ಹೊಲಿಯಬೇಕಾಯಿತು. ಎಷ್ಟು ಹೊಲಿದರೂ ಸೋರುತ್ತಿತ್ತು. ಅವತ್ತು ಅಯ್ಯೋ ಅನ್ನಲೂ ಆಗಲಿಲ್ಲ. ಈಗಲೂ ಕಾಲು ಮೂರಕ್ಕೆ ಇಳಿಯುವ ಮೊದಲು ನನ್ನ ಕಣ್ಣು ಒಮ್ಮೆ ಪೈಪಿನ ಕಡೆ ಹೋಗುತ್ತದೆ.

ಹೀಗೆ ಕಲಿಯುವುದು ಹೊಸದೂ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಸೌತೆಕಾಯಿಗಳ ಮೇಲೆ ಕಲಿಯಿರಿ, ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ, ತಾವರೆಯ ದಂಟಿನ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆಯ ಅಂಚಿನ ಮೇಲೆ ಅಂತ ಪಟ್ಟಿಯೇ ಇದೆ. ಎಷ್ಟು ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರದವನು ಅಂತಲೂ ಹೇಳಿದೆ. ನನ್ನ ಟೊಮೆಟೊಗೆ ಒಳ್ಳೆಯ ವಂಶಾವಳಿಯೇ ಇದೆ ಅಂತ ಖುಷಿಪಟ್ಟೆ. ಅದೇ ನಮ್ಮ ಪಿಜಿ ದಿನಗಳಲ್ಲಿ ಟೊಮೆಟೊ ಇಲ್ಲ, ಮೇಕೆಯೂ ಇಲ್ಲ. ಸೀನಿಯರ್ ಪಕ್ಕ ನಿಂತು ನೋಡು, ಒಂದು ದಿನ ಕುರ್ಚಿ ಖಾಲಿಯಾದಾಗ ಕೂತು ಮಾಡು, ಅಷ್ಟೇ. ನನ್ನ ಮೊದಲ ಇಪ್ಪತ್ತು ಕಣ್ಣುಗಳು ಯಾರವು ಅಂತ ನೆನಪಿಸಿಕೊಳ್ಳಲು ನನಗೆ ಧೈರ್ಯವಿಲ್ಲ. ಸಿಮ್ಯುಲೇಟರ್ ಬಂದ ಮೇಲೆ ಬ್ರಿಟನ್ನಿನಲ್ಲಿ ಮೊದಲ ಎರಡು ವರ್ಷದ ಟ್ರೈನಿಗಳ ಕೈಯಲ್ಲಿ ಕ್ಯಾಪ್ಸೂಲ್ ಒಡೆಯುವುದು ನೂರಕ್ಕೆ 4.2ರಿಂದ 2.6ಕ್ಕೆ ಇಳಿಯಿತು ಅಂತ 2020ರಲ್ಲಿ ಒಂದು ಲೆಕ್ಕ ಬಂದಿದೆ. ಮೇಡಂ ಅದನ್ನು ಗೋಡೆಗೆ ಅಂಟಿಸಿದ್ದರು. ನಾನು ಓದಿ, ಹಳೆಯದೆಲ್ಲ ನೆನಪಾಗಿ, ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ನನ್ನ ಅಜ್ಜಿಗೆ ಪೊರೆ ತೆಗೆದವರು ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿ, ಊರೂರು ತಿರುಗಿ ಕ್ಯಾಂಪು ಮಾಡಿ ಲಕ್ಷಗಟ್ಟಲೆ ಜನರಿಗೆ ಕಣ್ಣು ಕೊಟ್ಟವರು. ಆಗ ಒಳಗೆ ಕೃತಕ ಲೆನ್ಸು ಇಡುತ್ತಿರಲಿಲ್ಲ. ಅಜ್ಜಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡೇ ಇನ್ನೂ ಹದಿನೈದು ವರ್ಷ ರೊಟ್ಟಿ ಬಡಿದಳು. ಆ ಕೈಗಳಿಗೆ ಅಂಕ ಕೊಡುವ ಮಿಷನ್ ಇರಲಿಲ್ಲ. ಆದರೆ ಎಲ್ಲರೂ ಮೋದಿಯವರಲ್ಲವಲ್ಲ.

ಮೂರನೇ ವಾರ ಓಟಿ. ಕಲಿಯುವ ಡಾಕ್ಟರ್ ಜೊತೆಯಲ್ಲಿ ಮಾಡುತ್ತಾರೆ ಅಂತ ಪೇಶೆಂಟಿಗೆ ಮೊದಲೇ ಹೇಳಿ ಸಹಿ ತೆಗೆದುಕೊಂಡಿರುತ್ತಾರೆ. ಶುರು ಮಾಡಿಸುವುದು ಕೊನೆಯಿಂದ. ಮೇಡಂ ಎಲ್ಲ ಮಾಡಿ ಮುಗಿಸಿ ಲೆನ್ಸು ಇಡುವುದನ್ನು ಮಾತ್ರ ಬಿಡುತ್ತಾರೆ. ಅದು ಸರಿಹೋದರೆ ಮರುದಿನ ಅದರ ಹಿಂದಿನ ಹಂತವೂ ನಿಮ್ಮದು. ಊಟಕ್ಕೆ ಕೂತು ಮಜ್ಜಿಗೆ ಅನ್ನದಿಂದ ಶುರು ಮಾಡಿ ದಿನಕ್ಕೊಂದು ಪದಾರ್ಥ ಹಿಂದಕ್ಕೆ ಹೋದ ಹಾಗೆ. ಕೋಸಂಬರಿ ತಲುಪಲು ನನಗೆ ಒಂಬತ್ತು ದಿನ ಹಿಡಿಯಿತು.

ಮೇಡಂ ಪಕ್ಕದ ಕಿಂಡಿಯಿಂದ ನೋಡುತ್ತಿರುತ್ತಾರೆ. ತಪ್ಪಿದರೆ ಬೈಯುವ ಹಾಗಿಲ್ಲ, ಪೇಶೆಂಟ್ ಕೇಳಿಸಿಕೊಳ್ಳುತ್ತಾರೆ. ಅದಕ್ಕೆ ಒಂದು ಗುಟ್ಟಿನ ಮಾತು. “ಸರ್, ಗ್ಲೌಸ್ ಬದಲಿಸಿಕೊಳ್ಳಿ.” ಅಂದರೆ ಉಪಕರಣ ಹಾಗೇ ಹಿಡಿದುಕೊಂಡು ಒಂದರಲ್ಲಿ ಕಾಲಿಟ್ಟು ನಿಲ್ಲು, ನಾನು ಬರುತ್ತೇನೆ. ಪೂರ್ತಿ ನಾನೇ ಮಾಡಿದ ಹದಿನಾಲ್ಕು ಕಣ್ಣುಗಳಲ್ಲಿ ಎರಡು ಸಲ ಗ್ಲೌಸ್ ಬದಲಿಸಿದೆ. ಒಂದರಲ್ಲಿ ಕ್ಯಾಪ್ಸೂಲ್ ಒಡೆದಿತ್ತು. ಮೇಡಂ ಕೂತು ಶಾಂತವಾಗಿ ಎಲ್ಲ ಸರಿ ಮಾಡಿ ಲೆನ್ಸು ಇಟ್ಟರು. ಅವರಿಗೆ ಚೆನ್ನಾಗಿ ಕಂಡಿತು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಿಮ್ಯುಲೇಟರ್‌ನಲ್ಲಿ ಒಡೆದದ್ದಕ್ಕೆ ಬಟನ್ ಒತ್ತಿದರೆ ಹೊಸ ಕಣ್ಣು ಬರುತ್ತಿತ್ತು.

ಹೊರಡುವ ದಿನ ಮೇಡಂ ಹೇಳಿದ್ದು ಒಂದೇ ಮಾತು. “ಊರಲ್ಲಿ ಗ್ಲೌಸ್ ಬದಲಿಸಿಕೊಳ್ಳಿ ಅನ್ನೋರು ಯಾರೂ ಇರಲ್ಲ ಸರ್. ನೀವೇ ಅಂದುಕೊಳ್ಳಬೇಕು. ಎಸ್‌ಐಸಿಎಸ್ ನಿಮ್ಮ ಕೈಲಿದೆ, ಯಾವಾಗ ಬೇಕಾದರೂ ಅದಕ್ಕೆ ವಾಪಸ್ ಹೋಗಬಹುದು.”

ನಮ್ಮ ಆಸ್ಪತ್ರೆ ನಡೆಸುವವರು ಒಂದು ಸೆಕೆಂಡ್ ಹ್ಯಾಂಡ್ ಫೇಕೋ ಮಿಷನ್ ಕೊಂಡರು. ಮೊದಲ ಹತ್ತು ಜನರನ್ನು ಹುಡುಗಿ ನೋಡುವ ಹಾಗೆ ನೋಡಿ ಆರಿಸಿದೆ. ಪೊರೆ ತೀರಾ ಮೆತ್ತಗೂ ಇರಬಾರದು, ತೀರಾ ಕಲ್ಲೂ ಆಗಿರಬಾರದು. ಪಾಪೆ ಚೆನ್ನಾಗಿ ಅರಳಬೇಕು. ಸುಮ್ಮನೆ ಮಲಗುವವರಾಗಿರಬೇಕು. ಆರು ಕಣ್ಣು ಸರಾಗವಾಗಿ ಹೋದವು. ಏಳನೆಯವಳು ಬ್ಯಾಡಗಿ ಕಡೆಯ ಒಬ್ಬ ಅಜ್ಜಿ.

ಎಸ್‌ಐಸಿಎಸ್ ಮಾಡುವಾಗ ನಾನು ಪೇಶೆಂಟ್ ಜೊತೆ ಮಾತಾಡುತ್ತಲೇ ಇರುತ್ತೇನೆ, ಹಳೆಯ ಚಾಳಿ. ಅಜ್ಜಿ ಆ ಸಲದ ಮೆಣಸಿನಕಾಯಿ ರೇಟಿನ ಕಥೆ ಹೇಳುತ್ತಿದ್ದಳು. ದಲ್ಲಾಳಿ ಏನಂದ, ಮಗ ಏನಂದ, ಚೀಲ ಎಷ್ಟು ತೂಗಿತು. ನಾನು ಹೂಂ, ಹೂಂ ಅನ್ನುತ್ತಿದ್ದೆ. ರೆಕ್ಸಿಸ್ ಮುಕ್ಕಾಲು ಸುತ್ತು ಬಂದಿತ್ತು. ಅಲ್ಲಿ ಓಡಲು ಶುರು ಮಾಡಿತು.

ಕೈ ನಿಂತಿತು. ಅದು ನನ್ನ ಜಾಣತನವಲ್ಲ, ನಲವತ್ತು ಸಲ ನಿಂತು ಅಭ್ಯಾಸವಾದ ಕೈ. ವಿಸ್ಕೋ ತುಂಬಿದೆ. ಚೂರನ್ನು ಹಾಸಿದೆ. ಹಿಂದಕ್ಕೆ ಎಳೆದೆ. ಅರ್ಧ ಬಂತು, ಮತ್ತೆ ಅಂಚಿನ ಕಡೆಗೇ ತಿರುಗಿತು. ಇನ್ನೊಮ್ಮೆ ಎಳೆದು ನೋಡೋಣ ಅನ್ನಿಸಿತು. ಟೊಮೆಟೊ ನೆನಪಾಯಿತು.

“ಯಾಕ್ರಿ ಡಾಕ್ಟ್ರ, ಸುಮ್ಮಕಾದ್ರಿ?” ಅಂದಳು ಅಜ್ಜಿ.

ಬಾಯಿ ಮುಚ್ಚಿಕೊಂಡಿರುವುದನ್ನು ಹತ್ತು ಹತ್ತು ರೂಪಾಯಿ ಕೊಟ್ಟು ಕಲಿತಿದ್ದೆ. ಸುಮ್ಮನಿದ್ದರೂ ಗೊತ್ತಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

“ಏನಿಲ್ಲ ಯವ್ವಾ, ಕೆಲಸ ನಡದೈತಿ. ದಲ್ಲಾಳಿ ಏನಂದ ಮುಂದ?”

“ಅವ ಏನಂತಾನ…” ಅಂತ ಅಜ್ಜಿ ಶುರು ಮಾಡಿದಳು. ಸಿಸ್ಟರ್ ಕಡೆ ಕೈ ಚಾಚಿ ಕ್ರೆಸೆಂಟ್ ಬ್ಲೇಡು ಕೇಳಿದೆ. ಅವರಿಗೆ ಅರ್ಥವಾಯಿತು. ಮಿಷನ್ ಪಕ್ಕಕ್ಕೆ ಸರಿಸಿದರು. ಬಿಳಿಭಾಗದಲ್ಲಿ ಸುರಂಗ ಕೊಯ್ದೆ. ಹನ್ನೊಂದು ವರ್ಷದ ಕೆಲಸ, ಕೈಗೆ ದಾರಿ ಗೊತ್ತು. ದಲ್ಲಾಳಿಯ ಕಥೆ ಮುಗಿಯುವ ಮೊದಲು ಲೆನ್ಸು ಕೂತಿತ್ತು.

ಮರುದಿನ ಪಟ್ಟಿ ಬಿಚ್ಚಿದೆ. ಗೋ‌ಡೆಯ ಕ್ಯಾಲೆಂಡರಿನ ತಾರೀಖು ಓದಿದಳು. ಮಗ ಪಕ್ಕದಲ್ಲಿ ನಗುತ್ತಾ ನಿಂತಿದ್ದ.

“ಮಿಷನ್ನಿಲೇ ಮಾಡಿದ್ರಿ, ಹೌದಲ್ರಿ?”

ಹೌದು ಅಂದುಬಿಡಬಹುದಿತ್ತು. “ಇಲ್ಲ ಯವ್ವಾ. ಮಿಷನ್ನಿಂದ ಶುರು ಮಾಡಿದ್ದೆ, ಸರಿ ಬರಲಿಲ್ಲ. ಆಮ್ಯಾಲೆ ಕೈಲೇ ತಗದೆ.”

ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿದಳು, ಹೊಸ ಕಣ್ಣಿನಿಂದ.

“ಹಂಗಾರ ಮಿಷನ್ನಿನ ರೊಕ್ಕ ವಾಪಸ್ ಕೊಡ್ರಿ.”

ಕೌಂಟರಿಗೆ ಚೀಟಿ ಬರೆದು ಕೊಟ್ಟೆ.